ಕರುಳು ಕಟ್ಟಿದ ಬುತ್ತಿ

ಹೋದ ಸೋಮವಾರ ಬೆಳಿಗ್ಗೆ ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟು ಕೆಟ್ಟಿತ್ತು. ಮೆಟ್ಟಿಲಿಳಿದು ಹೊರಟವಳನ್ನು ಮೂರನೇ ಮಹಡಿಯ ಸುಜಾತಾ ಅವರು ಬಾಗಿಲಲ್ಲೇ ತಡೆದರು. ಶ್ರಾವಣ ಸೋಮವಾರ, ಅವರ ಮನೆಯಲ್ಲಿ ಆಗಷ್ಟೇ ಅಭಿಷೇಕ ಮುಗಿದಿತ್ತು. ಕೈಯಲ್ಲಿ ಬೆಳ್ಳಿ ಬಟ್ಟಲು, ಅದರಲ್ಲೊಂದು ಪುಟ್ಟ ಚಮಚ. ಅಭ್ಯಾಸಬಲದಿಂದ ಅಂಗೈ ಚಾಚಿದವಳು ತಟ್ಟನೆ ಹಿಂದಕ್ಕೆಳೆದುಕೊಂಡೆ.

"ಇಪ್ಪುಡು ವದ್ದಂಡಿ, ಬ್ಲಡ್ ಟೆಸ್ಟ್ ಉಂದಿ" ಎಂದು, ಈಗ ಬೇಡ, ರಕ್ತಪರೀಕ್ಷೆ ಇದೆ ಎಂದು ತಿಳಿಸಿದೆ.

"ತೀರ್ಥಮೇ ಕದಂಡಿ, ಏಮೀ ಕಾದು" ಎಂದು ಅವರು ನಕ್ಕರು. ತೀರ್ಥ ತಾನೇ, ಏನೂ ಆಗುವುದಿಲ್ಲ ಅಂತ.

ಏನಾಗುತ್ತದೆ ಎಂಬುದು ನನಗೆ ಗೊತ್ತು. ಆದರೆ ಮೆಟ್ಟಿಲ ಮೇಲೆ ನಿಂತು ಅಷ್ಟು ದೊಡ್ಡ ಕಥೆ ಹೇಳುವುದು ಹೇಗೆ? ನನ್ನ ಪಾಲು ಎತ್ತಿಡಿ, ಆಮೇಲೆ ಬರುತ್ತೇನೆ ಎಂದು ಕೆಳಗಿಳಿದೆ. ತುಪ್ಪ, ಜೇನು, ಕಳಿತ ಬಾಳೆಹಣ್ಣು ಸೇರಿದ ಆ ವಾಸನೆ ಮಾತ್ರ ಆಟೋದಲ್ಲಿ ಕುಳಿತ ಮೇಲೂ ಮೂಗು ಬಿಡಲಿಲ್ಲ. ಹೈದರಾಬಾದಿನ ಕೂಕಟ್‌ಪಲ್ಲಿಯಿಂದ ಗಚ್ಚಿಬೌಲಿಯ ಆಸ್ಪತ್ರೆ ಮುಟ್ಟುವವರೆಗೂ ನಾನು ಬೇರೊಂದು ಮಳೆಗಾಲದಲ್ಲಿದ್ದೆ, ಪಕ್ಕದಲ್ಲಿ ನನ್ನ ಅತ್ತೆ ಕುಳಿತಿದ್ದರು.

ಆ ವರ್ಷ ನನ್ನ ದೊಡ್ಡ ಕರುಳಿಗೆ ಸಿಟ್ಟು ಬಂದಿತ್ತು. ಅಲ್ಸರೇಟಿವ್ ಕೊಲೈಟಿಸ್ ಎಂಬ ಕಾಯಿಲೆಯನ್ನು ಇದಕ್ಕಿಂತ ಸರಿಯಾಗಿ ಹೇಳಲು ನನಗೆ ಬಾರದು. ಹೊರಗಿನ ರೋಗಾಣುಗಳ ಮೇಲೆ ಬೀಳಬೇಕಾದ ಮೈಯ ಕಾವಲುಪಡೆ ತನ್ನದೇ ಕರುಳಿನ ಒಳಪದರದ ಮೇಲೆ ಬಿದ್ದು ಹುಣ್ಣು ಮಾಡಿ ಕೂತಿರುತ್ತದೆ. ಹೊಟ್ಟೆ ನುಲಿಯುತ್ತದೆ, ರಕ್ತ ಹೋಗುತ್ತದೆ, ಓಡಬೇಕು ಅನ್ನಿಸಿದರೆ ಆ ಕ್ಷಣವೇ ಓಡಬೇಕು. ನಾನು ಕೂಕಟ್‌ಪಲ್ಲಿಯ ಒಂದು ಖಾಸಗಿ ಶಾಲೆಯಲ್ಲಿ ಗಣಿತ ಹೇಳಿಕೊಡುವವಳು. ಸಮೀಕರಣದ ಎಡಭಾಗ ಬರೆದು ಬಲಭಾಗ ಬರೆಯುವ ಮೊದಲು ಸೀಮೆಸುಣ್ಣ ಎಸೆದು ಓಡುವ ಟೀಚರನ್ನು ಮಕ್ಕಳು ಎಷ್ಟು ದಿನ ಸಹಿಸಿಯಾರು? ಪಾಪ, ಅವರು ಸಹಿಸಿದರು. ನಾನೇ ಸಹಿಸಲಿಲ್ಲ. ಯಾವ ಸೀರೆ ಅಂಗಡಿಯ ಹಿಂದೆ ಪಾಯಖಾನೆ ಇದೆ, ಯಾವ ಪೆಟ್ರೋಲ್ ಬಂಕಿನದಕ್ಕೆ ಚಿಲಕವಿಲ್ಲ, ಯಾವ ಹೋಟೆಲಿನವನು ಚಹಾ ಕುಡಿಯದಿದ್ದರೆ ಬೀಗದ ಕೈ ಕೊಡುವುದಿಲ್ಲ, ಇದೆಲ್ಲ ನನಗೆ ಬಾಯಿಪಾಠವಾಗಿತ್ತು. ಹೈದರಾಬಾದು ಅಂದರೆ ಜನರಿಗೆ ಚಾರ್ಮಿನಾರು, ನನಗೆ ಇದು.

ಆಷಾಢದಲ್ಲಿ, ಬೋನಾಲು ಹಬ್ಬದ ಡಪ್ಪಿನ ಸದ್ದು ಗಲ್ಲಿಗಲ್ಲಿಯಲ್ಲಿ ಕೇಳುತ್ತಿದ್ದಾಗ, ಡಾಕ್ಟರು ಹೊಸ ಚುಚ್ಚುಮದ್ದು ಶುರು ಮಾಡಿದರು. ಎರಡು ವಾರಕ್ಕೊಮ್ಮೆ, ಸೋಮವಾರ. ದಸರಾದ ಹೊತ್ತಿಗೆ ಒಳಗೆ ಕೊಳವೆ ಬಿಟ್ಟು ನೋಡೋಣ ಎಂದರು. ಹುಣ್ಣು ಆರಿದ್ದರೆ ಸರಿ, ಇಲ್ಲದಿದ್ದರೆ ದೊಡ್ಡ ಕರುಳನ್ನೇ ತೆಗೆಯಬೇಕಾಗುತ್ತದೆ, ಹೊಟ್ಟೆಯ ಮೇಲೆ ಒಂದು ಚೀಲ ಅಂಟಿಸುತ್ತಾರೆ. ಎಷ್ಟೋ ಜನ ಆ ಚೀಲದೊಂದಿಗೆ ಚೆನ್ನಾಗಿ ಬದುಕುತ್ತಾರೆ ಎಂದು ಸಮಾಧಾನವನ್ನೂ ಹೇಳಿದರು. ನನಗೆ ಆ ಮಾತಿನಲ್ಲಿ ಚೀಲ ಒಂದೇ ಕೇಳಿಸಿತು. ಸೀರೆಯೊಳಗೆ ಚೀಲ ಕಟ್ಟಿಕೊಂಡು ಹತ್ತನೇ ಕ್ಲಾಸಿನ ಮುಂದೆ ನಿಲ್ಲುವುದನ್ನು ನೆನೆಸಿಕೊಂಡು ಬಸ್ಸಿನಲ್ಲೇ ಅತ್ತುಬಿಟ್ಟೆ.

ವಿದ್ಯಾ ಸಿಕ್ಕಿದ್ದು ಅದೇ ಆಸ್ಪತ್ರೆಯ ಮೊಗಸಾಲೆಯಲ್ಲಿ. ರಾಯಚೂರಿನ ಹುಡುಗಿ, ಪಕ್ಕದ ಕಟ್ಟಡದ ಪ್ರಯೋಗಾಲಯದಲ್ಲಿ ಸಂಶೋಧನೆ ಮಾಡುತ್ತಿದ್ದಳು. ನಾನು ಫೋನಿನಲ್ಲಿ ಗಂಡನ ಮೇಲೆ ಕನ್ನಡದಲ್ಲಿ ಹರಿಹಾಯುತ್ತಿದ್ದುದನ್ನು ಕೇಳಿಸಿಕೊಂಡು ಪಕ್ಕಕ್ಕೆ ಬಂದು ಕುಳಿತಳು.

"ಅಕ್ಕಾರ, ನಿಮ್ಮ ರಕ್ತ ಸ್ವಲ್ಪ ಕೊಡ್ತೀರೇನ್ರಿ? ಸ್ಟಡೀಗೆ" ಎಂದಳು.

ಗಂಡನ ಮೇಲಿನ ಸಿಟ್ಟು ಮರೆತು ನನಗೆ ನಗು ಬಂತು. ನಮ್ಮ ಕಡೆಯವರೆಲ್ಲ ಮೊದಲು ಯಾವ ಊರು ಎಂದು ಕೇಳುತ್ತಾರೆ, ಇವಳು ನೇರ ರಕ್ತ ಕೇಳಿದಳು.

ಆಮೇಲೆ ಅವಳು ತಾಳ್ಮೆಯಿಂದ ವಿವರಿಸಿದಳು. ನಮ್ಮ ಮೈಯ ಪ್ರತಿ ಜೀವಕೋಶವೂ ತನ್ನ ಹೊರಪೊರೆಯಲ್ಲಿ ಸುತ್ತಿದ ಸಣ್ಣ ಸಣ್ಣ ಗುಳ್ಳೆಗಳನ್ನು ಹೊರಗೆ ಬಿಡುತ್ತಿರುತ್ತದಂತೆ. ಕೂದಲೆಳೆಯ ಅಗಲದಲ್ಲಿ ನೂರಾರು ಸಾಲಾಗಿ ನಿಲ್ಲುವಷ್ಟು ಚಿಕ್ಕವು. ಒಳಗೆ ಒಂದಿಷ್ಟು ಪ್ರೋಟೀನು, ಒಂದಿಷ್ಟು ಕೊಬ್ಬು, ಆರ್‌ಎನ್‌ಎಯ ತುಣುಕುಗಳು. ಮೊದಲು ಅದನ್ನು ಕೋಶದ ಕಸ ಎಂದುಕೊಂಡಿದ್ದರು, ಈಗ ನೋಡಿದರೆ ಒಂದು ಕೋಶ ಇನ್ನೊಂದಕ್ಕೆ ಕಳಿಸುವ ಸಂದೇಶ. ಕರುಳಿನ ಗೋಡೆಯ ಕೋಶಗಳು ಕಳಿಸುತ್ತವೆ, ಕಾವಲು ಕೋಶಗಳು ಕಳಿಸುತ್ತವೆ, ಕರುಳಿನಲ್ಲಿ ಬೀಡುಬಿಟ್ಟ ಬ್ಯಾಕ್ಟೀರಿಯಾಗಳೂ ಸುಮ್ಮನಿರದೆ ಕಳಿಸುತ್ತವೆ. ಕೆಲವು ಗುಳ್ಳೆ ಹೋದಲ್ಲಿ ಉರಿಯೂತ ಹೆಚ್ಚಿಸುತ್ತವೆ, ಕೆಲವು ಗಾಯ ಮಾಯುವುದಕ್ಕೆ ನೆರವಾಗುತ್ತವೆ. ನನ್ನಂಥವರ ಕರುಳು ಕೆರಳುವ ಮುಂಚೆಯೇ ರಕ್ತದಲ್ಲಿ ಇವುಗಳ ಸಂಖ್ಯೆ ಬದಲಾಗುತ್ತದೆಯೇ, ಹಾಗಿದ್ದರೆ ಮೊದಲೇ ಎಚ್ಚರಿಸಬಹುದೇ ಎಂಬುದು ಅವಳ ಹುಡುಕಾಟ.

ಅಂದು ಸಂಜೆ ಮನೆಯಲ್ಲಿ ರೊಟ್ಟಿ ತಟ್ಟುತ್ತಿದ್ದ ಅತ್ತೆಯವರಿಗೆ ಇದನ್ನೆಲ್ಲ ಹೇಳಿದೆ. ನಮ್ಮ ಅತ್ತೆ ಶಾಂತವ್ವ ಸೇಡಂ ಕಡೆಯ ಹಳ್ಳಿಯವರು. ನನ್ನ ಗಂಡ ಬಸವರಾಜನಿಗೆ ಶಂಶಾಬಾದ್ ವಿಮಾನ ನಿಲ್ದಾಣದ ಸರಕು ವಿಭಾಗದಲ್ಲಿ ಕೆಲಸವಾದಾಗ ನಮ್ಮ ಜೊತೆ ಬಂದು, ತೆಲುಗು ಒಂದಕ್ಷರ ಕಲಿಯದೆ ಇಡೀ ಗಲ್ಲಿಯನ್ನು ಗೆದ್ದವರು.

"ಅಂದ್ರ ಬುತ್ತಿ ಕಟ್ಟಿ ಕಳಸ್ತಾವ ಅನ್ನು" ಎಂದರು, ಕೈ ನಿಲ್ಲಿಸದೆ. "ಒಬ್ಬಾಕಿ ಮೊಸರನ್ನ ಕಟ್ಟಿ ಕಳಸ್ತಾಳ, ಇನ್ನೊಬ್ಬಾಕಿ ಖಾರಪುಡಿ ಕಟ್ಟಿ ಕಳಸ್ತಾಳ. ನಿನ್ನ ಹೊಟ್ಯಾಗ ಖಾರಪುಡಿ ಕಳಸಾಕಿ ಜಾಸ್ತಿ ಆಗ್ಯಾಳ."

ಮುಂದಿನ ಸಲ ವಿದ್ಯಾಗೆ ಇದನ್ನು ಹೇಳಿದೆ. ಅವಳು ಬಹಳ ಹೊತ್ತು ನಕ್ಕಳು. ಅಂದಿನಿಂದ ನಮ್ಮಿಬ್ಬರ ನಡುವೆ ಅವು ಗುಳ್ಳೆಗಳಾಗಿ ಉಳಿಯಲಿಲ್ಲ, ಬುತ್ತಿಗಳಾದವು.

ಬೆಳಿಗ್ಗೆ ಏನೂ ತಿನ್ನದೆ ಬರಬೇಕು, ನೀರು ಮಾತ್ರ ಕುಡಿಯಬಹುದು ಎಂದು ಅವಳು ಸ್ಪಷ್ಟವಾಗಿ ಹೇಳಿದ್ದಳು. ಆಷಾಢದಲ್ಲಿ ಹಾಗೆಯೇ ಹೋಗಿ ರಕ್ತ ಕೊಟ್ಟು, ಚುಚ್ಚುಮದ್ದು ಹಾಕಿಸಿಕೊಂಡು ಬಂದೆ. ಮಳೆಯೋ ಮಳೆ. ರಸ್ತೆಯಲ್ಲಿ ಮೊಣಕಾಲುದ್ದ ನೀರು, ಕ್ಯಾಬ್ ಓಡಿಸುವವರು ಒಬ್ಬರಾದ ಮೇಲೊಬ್ಬರು ಬರುವುದಿಲ್ಲ ಎನ್ನುತ್ತಿದ್ದರು. ಆದರೂ ಹೊಟ್ಟೆ ಸ್ವಲ್ಪ ಹದಕ್ಕೆ ಬರುತ್ತಿರುವಂತೆ ಅನ್ನಿಸುತ್ತಿತ್ತು. ಒಮ್ಮೆ ಇಡೀ ಪೀರಿಯಡ್ ಪೂರ್ತಿ ಪಾಠ ಮಾಡಿ ಮುಗಿಸಿದೆ. ಸ್ಟಾಫ್‌ರೂಮಿಗೆ ಬಂದು ಕುಳಿತಾಗ ಎದೆ ಕುಣಿಯುತ್ತಿತ್ತು. ಯಾರಿಗೂ ಹೇಳಲಿಲ್ಲ, ದೃಷ್ಟಿ ತಾಗೀತು ಅಂತ.

ಅಷ್ಟರಲ್ಲಿ ಶ್ರಾವಣ ಬಂತು. ಅದರ ಮೊದಲ ಸೋಮವಾರವೇ ಮತ್ತೆ ರಕ್ತ ಕೊಟ್ಟು ಬಂದೆ. ಕೆಲವು ದಿನಗಳ ಮೇಲೆ ವಿದ್ಯಾ ಫೋನು ಮಾಡಿ, ಇನ್ನೊಮ್ಮೆ ರಕ್ತ ಬೇಕಿತ್ತು ಎಂದಳು. ಯಾಕೆ ಎಂದು ಕೇಳಿದೆ. ಅವಳು ತಡವರಿಸಿದಳು. ಫಲಿತಾಂಶ ನಮಗೆ ಹೇಳುವಂತಿರಲಿಲ್ಲ, ಅದು ಅಧ್ಯಯನಕ್ಕೆ ಮಾತ್ರ. ಆದರೆ ಸುಳ್ಳು ಹೇಳಲು ಬಾರದ ಹುಡುಗಿ, ನಾನೋ ಬಿಡುವವಳಲ್ಲ.

"ಎಣಿಕಿ ಭಾಳ ಏರೇತ್ರಿ ಅಕ್ಕಾರ. ಅದಕ್ಕ ಇನ್ನೊಮ್ಮೆ ನೋಡೋಣು ಅಂತ. ನೀವು ಬೆಳಿಗ್ಗೆ ಏನರ ತಿಂದಿದ್ರೇನ್ರಿ?"

"ಏನೂ ತಿಂದಿಲ್ಲ. ಒಂದು ಅಗಳು ಬಾಯಿಗೆ ಹಾಕಿದ್ರ ಕೇಳು" ಎಂದು ರೇಗಿದೆ.

ನಾನು ಗಣಿತದವಳು. ಸಂಖ್ಯೆ ಏರಿದೆ ಎಂದರೆ ಏರಿದೆ. ಹೊಟ್ಟೆ ಹದಕ್ಕೆ ಬಂದದ್ದೆಲ್ಲ ನನ್ನ ಭ್ರಮೆ, ಒಳಗೆ ಖಾರಪುಡಿ ಕಟ್ಟುವವರ ಸಂತೆಯೇ ನೆರೆದಿದೆ, ಕೆಲವೇ ದಿನಗಳಲ್ಲಿ ಮತ್ತೆ ರಕ್ತ ಹರಿಯುತ್ತದೆ. ಆ ವಾರ ನಾನು ಯಾರ ಜೊತೆಗೂ ನೆಟ್ಟಗೆ ಮಾತಾಡಲಿಲ್ಲ. ದಸರಾ ನಂತರದ ಪಾಠಗಳನ್ನು ನೋಡಿಕೊಳ್ಳಲು ಇನ್ನೊಬ್ಬ ಟೀಚರಿಗೆ ಹೇಳಿಟ್ಟೆ. ಬಸವರಾಜನನ್ನು ಎಳೆದುಕೊಂಡು ಹೋಗಿ ಡಾಕ್ಟರ ಮುಂದೆ ಕುಳಿತು, "ತೆಗೆದುಬಿಡಿ, ಕಾಯುವುದು ಸಾಕಾಗಿದೆ" ಎಂದು ಹಿಂದಿಯಲ್ಲಿ ಹೇಳಿದೆ.

ಡಾಕ್ಟರು ಪೆನ್ನು ಕೆಳಗಿಟ್ಟರು. ಆ ಎಣಿಕೆ ಕಲಿಯುವುದಕ್ಕೆ, ಕತ್ತರಿಸುವುದಕ್ಕಲ್ಲ ಎಂದರು. ಒಳಗೆ ನೋಡದೆ ಯಾರೂ ಏನೂ ತೆಗೆಯುವುದಿಲ್ಲ, ಸುಮ್ಮನೆ ಮನೆಗೆ ಹೋಗಿ ಎಂದರು. ನನಗೆ ಅವರು ಕರುಣೆಯಿಂದ ದಿನ ದೂಡುತ್ತಿದ್ದಾರೆ ಅನ್ನಿಸಿತು. ಇನ್ನು ಯಾರಿಗೂ ರಕ್ತ ಕೊಡುವುದಿಲ್ಲ ಎಂದು ವಿದ್ಯಾಗೂ ಹೇಳಿಬಿಟ್ಟೆ.

ಮುಂದಿನ ಸೋಮವಾರ ಅವಳೇ ಮನೆ ಹುಡುಕಿಕೊಂಡು ಬಂದಳು. ನಾನು ರಜೆ ಹಾಕಿ ಮುಖ ಊದಿಸಿಕೊಂಡು ಕುಳಿತಿದ್ದೆ. ಕೊಡೆ ಇದ್ದರೂ ಪೂರ್ತಿ ತೊಯ್ದು ಬಾಗಿಲಲ್ಲಿ ನಿಂತಿದ್ದ ಅವಳನ್ನು ಅತ್ತೆ ಒಳಗೆಳೆದು ಟವೆಲು ಕೊಟ್ಟರು. ಯಾಕೆ ಬಂದೆ ಎಂದು ನಾನು ಕೇಳುವ ಮೊದಲೇ ದೇವರ ಮನೆಯಿಂದ ಸ್ಟೀಲಿನ ಲೋಟ ತಂದು ಅವಳ ಕೈಗಿಟ್ಟರು.

ಆ ಲೋಟದ ಬಗ್ಗೆ ಹೇಳಬೇಕು. ಅತ್ತೆಯವರ ಮದುವೆಯಲ್ಲಿ ತವರಿನವರು ಹೆಸರು ಕೊರೆಸಿ ಕೊಟ್ಟದ್ದು, ಈಗಿನ ಕಾಲದ ಎರಡು ಲೋಟಕ್ಕೆ ಸಮ. ಶ್ರಾವಣ ಸೋಮವಾರ ಅವರು ಲಿಂಗಕ್ಕೆ ಪಂಚಾಮೃತದ ಅಭಿಷೇಕ ಮಾಡುತ್ತಿದ್ದರು. ಹಾಲು, ಮೊಸರು, ಜೇನು, ಸಕ್ಕರೆ, ಊರಿಂದ ಬಂದ ಎಮ್ಮೆಯ ತುಪ್ಪ, ಮೇಲೆ ಕಿವುಚಿದ ಬಾಳೆಹಣ್ಣು. ಬೇರೆಯವರ ಮನೆಯಲ್ಲಿ ಅದನ್ನು ಚಮಚದಲ್ಲಿ ಕೊಡುತ್ತಾರೆ. ನಮ್ಮ ಅತ್ತೆಗೆ ಚಮಚದ ಮೇಲೆ ನಂಬಿಕೆ ಇರಲಿಲ್ಲ. ನಾನು ಕಾಯಿಲೆ ಬಿದ್ದ ಮೇಲಂತೂ ನನ್ನ ಪಾಲಿನ ತುಪ್ಪ ಪ್ರತಿ ಸೋಮವಾರ ಏರುತ್ತಲೇ ಇತ್ತು.

ವಿದ್ಯಾ ಎರಡು ಗುಟುಕು ಕುಡಿದಳು. ಲೋಟವನ್ನು ಬೆಳಕಿಗೆ ಹಿಡಿದು ನೋಡಿದಳು. ಮೇಲೆ ತುಪ್ಪ ಬೆರಳ ದಪ್ಪ ತೇಲುತ್ತಿತ್ತು.

"ಅಕ್ಕಾರ, ಇದನ್ನ ಅವತ್ತೂ ಕುಡಿದು ಬಂದಿದ್ರೇನ್ರಿ?"

"ಕುಡಿದಿದ್ದೆ. ಸೋಮವಾರ ಅಲ್ಲೇನು?"

"ಮತ್ತ ಏನೂ ತಿಂದಿಲ್ಲ ಅಂದ್ರಿ!"

ಉತ್ತರ ಕೊಟ್ಟದ್ದು ಅತ್ತೆ. "ತಿಂದಿಲ್ಲ ಯವ್ವಾ, ದೇವರ ಆಣಿ. ಇದು ತಿನ್ನೋದು ಹೆಂಗಾದೀತು? ದೇವರ ತೀರ್ಥ ಇದು."

ಅತ್ತೆಯ ಮಾತಿನಲ್ಲಿ ನನಗೂ ಯಾವ ತಪ್ಪೂ ಕಾಣಲಿಲ್ಲ. ನಮ್ಮ ಮನೆಯಲ್ಲಿ ಯಾರನ್ನು ಕೇಳಿದ್ದರೂ ಅದನ್ನೇ ಹೇಳುತ್ತಿದ್ದರು. ದೇವರ ಮುಂದಿಂದ ಬಂದದ್ದು ಊಟದ ಲೆಕ್ಕಕ್ಕೆ ಸೇರುವುದಿಲ್ಲ. ವಿದ್ಯಾ ಲೋಟ ಹಿಡಿದುಕೊಂಡೇ ನೆಲದ ಮೇಲೆ ಕುಳಿತು ನಗತೊಡಗಿದಳು. ಕಣ್ಣಲ್ಲಿ ನೀರು ಬರುವಷ್ಟು ನಕ್ಕ ಮೇಲೆ ವಿವರಿಸಿದಳು. ತುಪ್ಪ ಹೊಟ್ಟೆಗೆ ಹೋಗಿ ಒಂದೆರಡು ತಾಸಿಗೆ ಅದರ ಸಣ್ಣ ಹನಿಗಳು ರಕ್ತಕ್ಕೆ ಬರುತ್ತವೆ. ಎಷ್ಟೋ ಹನಿಗಳ ಗಾತ್ರ ಹೆಚ್ಚೂ ಕಡಿಮೆ ಬುತ್ತಿಯಷ್ಟೇ. ಎಣಿಸುವ ಯಂತ್ರ ಬೆಳಕು ಬಿಟ್ಟು ಮಿನುಗುವ ಚುಕ್ಕೆಗಳನ್ನು ಎಣಿಸುತ್ತದೆ, ನೀನು ಯಾರ ಮನೆಯವನು ಎಂದು ಚುಕ್ಕೆಯನ್ನು ಕೇಳುವುದಿಲ್ಲ. ನನ್ನ ರಕ್ತದ ತಿಳಿ ಟ್ಯೂಬಿನಲ್ಲಿ ಮಜ್ಜಿಗೆಯಂತೆ ಬೆಳ್ಳಗಾಗಿತ್ತಂತೆ. ಅವಳ ಸಂಶೋಧನೆಯ ಗೈಡಿಗೆ ಅನುಮಾನ ಬಂದದ್ದು ಅದರಿಂದಲೇ.

"ಹಂಗಾದ್ರ ಏರಿದ್ದು ನನ್ನ ಬ್ಯಾನಿ ಅಲ್ಲ?" ಎಂದೆ.

"ಬ್ಯಾನಿದು ನನಗ ಗೊತ್ತಿಲ್ರಿ, ಅದನ್ನ ಡಾಕ್ಟರೇ ನೋಡಬೇಕು. ಆದ್ರ ಆ ಎಣಿಕಿ ನಂಬಾಕ ಬರಂಗಿಲ್ಲ. ಅದ್ರಾಗ ಅರ್ಧಕ್ಕರ್ಧ ಅಮ್ಮಾರ ತುಪ್ಪ ಇರಬೇಕು."

ನಾನೂ ನಕ್ಕೆ. ಒಂದು ವಾರದ ಅಳುವೆಲ್ಲ ನಗುವಾಗಿ ಹೊರಬಂತು. ನಗದೆ ನಿಂತವರು ಅತ್ತೆ ಒಬ್ಬರೇ. ತಮ್ಮ ತುಪ್ಪದಿಂದ ಸೊಸೆ ಕರುಳು ತೆಗೆಸಿಕೊಳ್ಳಲು ಹೊರಟಿದ್ದಳು ಎಂಬುದು ಅವರಿಗೆ ಅರ್ಥವಾಗಿತ್ತು. ಅಡುಗೆಮನೆಗೆ ಹೋದರು. ವಿದ್ಯಾ ಹೊರಟ ಮೇಲೆ ಒಳಗೆ ಹೋಗಿ ನೋಡಿದರೆ ಒಲೆಯ ಕಡೆ ಮುಖ ಮಾಡಿ ನಿಂತಿದ್ದರು.

"ಬಿಡ್ರಿ ಅತ್ತಿ, ಏನೂ ಆಗಿಲ್ಲ. ಮುಂದಿನ ಸಲ ಕುಡೀದ ಹೋದ್ರಾತು."

"ನಿನ್ನ ಬರೀ ಬಾಯೀಲೆ ಹೊಸ್ತಿಲಾ ದಾಟಸಾಕ ನನ್ನ ಕೈಲೆ ಆಗಂಗಿಲ್ಲ, ಸುವರ್ಣಾ" ಎಂದರು. ಆಮೇಲೆ ನಾನು ಅದುವರೆಗೆ ಕೇಳಿರದ ಮಾತು ಹೇಳಿದರು. "ನನಗ ನೀಲವ್ವ ಅಂತ ತಂಗಿ ಇದ್ಲು. ನಿನ್ನಂಗ ರಕ್ತ ಹೋಗಾಕತ್ತಿತ್ತು. ಹೊಟ್ಟಿ ಕೆಟ್ಟಾಗ ತಿನ್ನಾಕ ಕೊಡಬಾರದು ಅಂತ ಹಿರೇರು ಉಪಾಸ ಕೆಡವಿದ್ರು. ಅಕ್ಕಾ, ಒಂದ್ ತುತ್ತು ರೊಟ್ಟಿ ಕೊಡು ಅಂತಿದ್ಲು. ರೊಟ್ಟಿ ಬುಟ್ಟಿ ನನ್ನ ಮುಂದಽ ಇತ್ತು. ಹಿರೇರ ಮಾತು ಮೀರಲಿಲ್ಲ ನಾ. ಹಸದಽ ಹೋದ್ಲು."

ಅಷ್ಟು ವರ್ಷ ನಾನು ಅವರ ತುಪ್ಪದ ಬಗ್ಗೆ ಎಷ್ಟು ಚೇಷ್ಟೆ ಮಾಡಿದ್ದೆನೋ ಅದೆಲ್ಲ ನೆನಪಾಯಿತು. ಅವರ ಬೆನ್ನಿಗೆ ಒರಗಿ ಹಾಗೇ ನಿಂತೆ. ಮನೆಗೆ ಯಾರೇ ಬರಲಿ, ಕೊರಿಯರಿನವನಾಗಲಿ, ನೀರಿನ ಕ್ಯಾನಿನವನಾಗಲಿ, ಏನಾದರೂ ತಿನ್ನಿಸದೆ ಅವರು ಯಾಕೆ ಬಿಡುತ್ತಿರಲಿಲ್ಲ ಎಂಬುದು ಅಂದು ತಿಳಿಯಿತು.

ಮತ್ತೆ ರಕ್ತ ಕೊಡಬೇಕಾದ ಸೋಮವಾರ ಅತ್ತೆ ಎಂದಿನಂತೆ ಎದ್ದು ಅಭಿಷೇಕ ಮಾಡಿದರು. ಲೋಟ ತುಂಬಿದರು. ಅದರ ಮೇಲೊಂದು ತಟ್ಟೆ ಮುಚ್ಚಿ ದೇವರ ಮುಂದೆಯೇ ಇಟ್ಟು, ಸೀರೆಯ ಸೆರಗು ಸರಿಮಾಡಿಕೊಂಡು ಹೊರಗೆ ಬಂದರು.

"ನಾನೂ ಬರ್ತೀನಿ. ನೀ ರಕ್ತ ಕೊಡೂತನಕ ನಾನೂ ಏನೂ ಮುಟ್ಟಂಗಿಲ್ಲ."

"ಅತ್ತಿ, ನಿಮಗ ಸಕ್ಕರಿ ಬ್ಯಾನಿ ಐತಿ, ಹಂಗ ಇರಬಾರದ್ರಿ."

"ಇವತ್ತೊಂದಿನ ಇರ್ತೀನಿ. ನಡಿ."

ಕೊನೆಗೆ ನಮ್ಮ ಜಗಳದಲ್ಲಿ ಬಸವರಾಜ ನಡುವೆ ಬಂದು, ಗುಳಿಗೆ ಆಮೇಲೆ ತಗೋ ಅವ್ವ, ತಲೆ ತಿರುಗಿದರೆ ಬಾಯಲ್ಲಿ ಬೆಲ್ಲದ ಚೂರಾದರೂ ಇಟ್ಟುಕೋ ಎಂದು ಒಪ್ಪಿಸಿದ. ಬೆಲ್ಲ ಸೆರಗಿನ ತುದಿಯಲ್ಲೇ ಉಳಿಯಿತು. ಹೊಸ್ತಿಲಲ್ಲಿ ಅವರು ನನ್ನ ಮುಂಗೈ ಹಿಡಿದುಕೊಂಡರು. ಕಣ್ಣು ಮುಚ್ಚಿ ದಾಟಿದರು. ಆಟೋದಲ್ಲಿ ಇಡೀ ದಾರಿ ಆ ಕೈ ಬಿಡಲಿಲ್ಲ. ಜಡಿಮಳೆಯಲ್ಲಿ ಫ್ಲೈಓವರಿನ ಮೇಲೆ ಗಾಡಿಗಳು ನಿಂತುಬಿಟ್ಟಾಗ, "ಹಸಿವಾತೇನು?" ಎಂದು ಕೇಳಿದರು. ಇಲ್ಲ ಎಂದೆ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಅದನ್ನೇ ಕೇಳಿದರು.

ವಿದ್ಯಾ ರಕ್ತ ತೆಗೆದು ಹತ್ತಿ ಒತ್ತಿದ್ದೇ ತಡ, ಅತ್ತೆ ಪ್ರಯೋಗಾಲಯದ ಹೊರಗಿನ ಬೆಂಚಿನ ಮೇಲೆ ಮನೆಯಿಂದ ಕಟ್ಟಿ ತಂದಿದ್ದ ಬುತ್ತಿ ಬಿಚ್ಚಿದರು. ಮೆತ್ತಗಿನ ಮೊಸರನ್ನ. ಬಿಳಿ ಕೋಟಿನವರು ಓಡಾಡುವ ಆ ಮೊಗಸಾಲೆಯಲ್ಲಿ ನಲವತ್ತು ದಾಟಿದ ನನಗೆ ಮೊದಲ ತುತ್ತು ಅವರೇ ಬಾಯಿಗಿಟ್ಟರು. ಎರಡನೆಯದು ವಿದ್ಯಾಗೆ. ತಾವು ಆಮೇಲೆ ತಿಂದರು.

"ಅಮ್ಮಾರ, ಹಾಲಿನಾಗೂ ಈ ಬುತ್ತಿ ಇರ್ತಾವ್ರಿ" ಎಂದು ವಿದ್ಯಾ ಬಾಯಿ ತುಂಬ ಅನ್ನ ಇಟ್ಟುಕೊಂಡೇ ಹೇಳಿದಳು. "ಇಲಿಗಳಿಗೆ ಕೊಟ್ಟು ನೋಡ್ಯಾರ, ಕರುಳಿನ ಉರಿ ಕಡಿಮಿ ಆಗೇತಂತ."

"ಮತ್ತ! ನಾ ಏನ್ ಹೇಳ್ತಿದ್ದೆ?"

"ಇಲಿಗೆ ಅಂದೆ ಅಮ್ಮಾರ. ಮನಶ್ಯಾರಿಗೆ ಇನ್ನೂ ಗೊತ್ತಿಲ್ಲ. ಅದೂ ಹಾಲಿಂದ ಬ್ಯಾರೆ ಮಾಡಿ ಕೊಟ್ಟಿದ್ದು, ನಿಮ್ಮ ತುಪ್ಪದ ಲೋಟ ಅಲ್ಲ."

ಅತ್ತೆಗೆ ಮೊದಲ ವಾಕ್ಯ ಸಾಕಾಗಿತ್ತು. ಊರಿಗೆ ಫೋನು ಮಾಡಿದಾಗಲೆಲ್ಲ ಉಳಿದದ್ದನ್ನು ಬಿಟ್ಟು ಅದೊಂದನ್ನೇ ಹೇಳುತ್ತಿದ್ದರು.

ದಸರಾಕ್ಕೆ ಮುಂಚಿನ ಬತುಕಮ್ಮ ಹಬ್ಬದ ದಿನಗಳಲ್ಲಿ ಡಾಕ್ಟರು ಕೊಳವೆ ಬಿಟ್ಟು ಒಳಗೆ ನೋಡಿದರು. ಮಂಪರು ಇಳಿದು ಕಣ್ಣು ಬಿಟ್ಟಾಗ ಬಸವರಾಜನ ಮುಖ ನೋಡಿದೆ, ಅವನು ಅಳುತ್ತಿದ್ದ. ಕೆಟ್ಟ ಸುದ್ದಿಯೇ ಎಂದುಕೊಂಡೆ. ಆದರೆ ಹಾಗಲ್ಲ. ಮದ್ದು ಹಿಡಿದಿತ್ತು, ಹುಣ್ಣುಗಳು ಮುಚ್ಚಿಕೊಳ್ಳುತ್ತಿದ್ದವು, ಆಪರೇಷನ್ನಿನ ಮಾತು ಈಗ ಬೇಡ ಎಂದು ಡಾಕ್ಟರು ಹೇಳಿದ್ದರಂತೆ. ಅದಕ್ಕೆ ಅಳುವುದೇ ಎಂದು ಬೈದು ನಾನೂ ಅತ್ತುಬಿಟ್ಟೆ. ಮನೆಗೆ ಬರುವಾಗ ಗಲ್ಲಿಯ ಹೆಂಗಸರು ಹಳದಿ ತಂಗೇಡಿ ಹೂವಿನ ಗೋಪುರ ನಡುವಿಟ್ಟು ಚಪ್ಪಾಳೆ ತಟ್ಟುತ್ತ ಸುತ್ತು ಹಾಕುತ್ತಿದ್ದರು. ಅತ್ತೆ ಗೇಟಿನಲ್ಲೇ ನಿಂತಿದ್ದರು. ಎಲ್ಲ ಕೇಳಿಸಿಕೊಂಡು ಒಂದೇ ಮಾತು ಕೇಳಿದರು.

"ಈಗ ರೊಟ್ಟಿ ತಿನ್ನಬಹುದೇನು?"

ಸ್ವಲ್ಪ ಸ್ವಲ್ಪ ತಿನ್ನಬಹುದು ಎಂದಿದ್ದಾರೆ ಎಂದೆ. ಅಂದು ಅವರು ತಟ್ಟಿದ ಬಿಸಿ ಜೋಳದ ರೊಟ್ಟಿಯ ಮೊದಲ ತುಂಡು ಮುರಿದು ನನ್ನ ಕೈಗಿಟ್ಟು, ನಾನು ನುಂಗುವವರೆಗೂ ಎದುರಿಗೆ ಕುಳಿತು ನೋಡಿದರು. ನಾನು ತಿಂದದ್ದು ನನ್ನೊಬ್ಬಳಿಗಾಗಿ ಅಲ್ಲ ಎಂದು ನನಗೆ ಗೊತ್ತಿತ್ತು.

ವಿದ್ಯಾ ಈಗ ಬೇರೆ ಊರಿನಲ್ಲಿದ್ದಾಳೆ. ಬುತ್ತಿಗಳ ಎಣಿಕೆ ಕಾಯಿಲೆಯನ್ನು ಮೊದಲೇ ಹೇಳುತ್ತದೋ ಇಲ್ಲವೋ ಇನ್ನೂ ಖಾತ್ರಿಯಾಗಿಲ್ಲವಂತೆ. ಆದರೆ ರಕ್ತ ಕೊಡಲು ಬಂದವರನ್ನು ಅವಳು ಇಂದಿಗೂ ಹಾಲು ಕುಡಿದಿರಾ, ತೀರ್ಥ ತಗೊಂಡಿರಾ, ಮನೆಯಲ್ಲಿ ಹಿರಿಯರಿದ್ದಾರಾ ಎಂದು ಕೇಳುತ್ತಾಳಂತೆ. ಅತ್ತೆ ತೀರಿಹೋಗಿ ಎರಡು ಮಳೆಗಾಲ ಕಳೆದವು. ನನ್ನ ಹೊಟ್ಟೆ ಆಗಾಗ ಗೊಣಗಿದರೂ ದೊಡ್ಡ ಕರುಳು ಅದರ ಜಾಗದಲ್ಲೇ ಇದೆ.

ಹೋದ ಸೋಮವಾರ ರಕ್ತ ಕೊಟ್ಟು ಗಚ್ಚಿಬೌಲಿಯಿಂದ ವಾಪಸು ಬರುವ ಹೊತ್ತಿಗೆ ಲಿಫ್ಟು ಸರಿಯಾಗಿತ್ತು. ನೇರ ನಮ್ಮ ಮನೆಗೆ ಹೋದೆ. ಬೆಳಿಗ್ಗೆ ಆ ಹೊಸ್ತಿಲು ದಾಟುವಾಗ ನನ್ನ ಕಾಲು ಒಂದು ಕ್ಷಣ ತಾನಾಗಿ ನಿಂತಿತ್ತು, ತಡೆಯುವವರು ಯಾರೂ ಇರಲಿಲ್ಲ. ದೇವರ ಮನೆಯ ಗೂಡಿನಿಂದ ಹೆಸರು ಕೊರೆದ ಲೋಟ ತೆಗೆದುಕೊಂಡು ಮೂರನೇ ಮಹಡಿಗೆ ಇಳಿದು ಗಂಟೆ ಒತ್ತಿದೆ.

ಸುಜಾತಾ ಅವರು ಬಟ್ಟಲು, ಚಮಚ ತಂದರು. ನಾನು ಅಂಗೈ ಚಾಚಲಿಲ್ಲ, ಲೋಟ ಚಾಚಿದೆ.

"ಇಂತ ಪೆದ್ದ ಗ್ಲಾಸಾ!" ಎಂದು ಅವರು ನಕ್ಕರು, ಇಷ್ಟು ದೊಡ್ಡ ಲೋಟವೇ ಅಂತ.

"ಮಾ ಅತ್ತಗಾರಿದಂಡಿ" ಎಂದೆ. ನಮ್ಮ ಅತ್ತೆಯವರದು.

ಅವರು ನಗು ನಿಲ್ಲಿಸಿ ನನ್ನ ಮುಖ ನೋಡಿದರು. ಚಮಚ ಪಕ್ಕಕ್ಕಿಟ್ಟು ಇಡೀ ಬಟ್ಟಲನ್ನೇ ಲೋಟಕ್ಕೆ ಬಗ್ಗಿಸಿದರು. ಅರ್ಧ ತುಂಬಿತು. ಅಲ್ಲೇ ಬಾಗಿಲಲ್ಲಿ ನಿಂತು ಒಂದು ಹನಿ ಬಿಡದೆ ಕುಡಿದೆ.